ಜಗಲಿಗೆ ಬಂದ ಬ್ಯಾಗು

೧೦ ನವೆಂಬರ್ ೨೦೨೫, ಸೋಮವಾರ

ಅಂಗಡಿ ತೆರೆದು ಧೂಳು ಹೊಡೆದೆ. ಸೂಟ್‌ಕೇಸು ಹೊರಗೆ, ಮಕ್ಕಳ ಬ್ಯಾಗು ಮೊಳೆಗೆ. ಬೋಣಿಗೆಯೇ ಜಗಳ. ಒಬ್ಬಾಕೆ ತನ್ನ ಹಳೆಯ ಬ್ಯಾಗು ಮುಂದಿಟ್ಟು, "ಪ್ಯೂರ್ ಲೆದರ್ ರೀ, ಇದರಂಥಾದ್ದ ತೋರಸ್ರಿ" ಅಂದಳು. ಮುಟ್ಟಿದೆ. ಮೂಸಿದೆ.

"ರೆಕ್ಸಿನ್ ಐತವಾ. ಯಾರೋ ನಿನಗ ಟೊಪ್ಪಿಗಿ ಹಾಕ್ಯಾರ."

ಮುಖ ಊದಿಸಿಕೊಂಡು ಹೋದಳು. ಸೊಸೆ ಶೋಭಾ ಗೊಣಗಿದಳು — "ಅತ್ತೀ, ಖರೆ ಹೇಳೂದು ಬ್ಯಾರೆ, ಗಿರಾಕಿ ಓಡಸೂದು ಬ್ಯಾರೆ ರೀ." ಏಳನೆತ್ತೆಗೆ ಶಾಲೆ ಬಿಟ್ಟವಳು ನಾನು. ನಯವಾಗಿ ಮಾತಾಡುವ ಪಾಠ ಎಂಟನೆತ್ತೆಯಲ್ಲಿತ್ತೇನೋ.

ಗುರುವಾರ ಮೊಮ್ಮಗಳು ದಾಕ್ಷಾಯಿಣಿಗೆ ಸಕ್ಕರೆ ತಿನ್ನಿಸಿ ಲಗ್ನ ಗೊತ್ತು ಮಾಡುವ ಕಾರ್ಯ. ಹುಡುಗ ಮೂಡಲಗಿಯ ಶಿವಕುಮಾರ, ದನದ ಡಾಕ್ಟರ್. ಅವನ ಅವ್ವ ರಾಜೇಶ್ವರಿ. ಬೆಲ್ಲದ ವ್ಯಾಪಾರದ ಮನೆ. ಹುಡುಗಿಗೆ ಮನಸ್ಸಿದೆ. ಬಾಯಿ ಬಿಟ್ಟು ಹೇಳುವುದಿಲ್ಲ... ಅವನ ಫೋನ್ ಬಂದರೆ ಮಾಳಿಗೆಗೆ ಓಡುತ್ತಾಳೆ.

೧೩ ನವೆಂಬರ್, ಗುರುವಾರ. ಸಂಜೆ

ಕಾರ್ಯ ಚೆನ್ನಾಗಿಯೇ ಆಯಿತು. ಕೊನೆಗೆ ಮೈ ಉರಿಯಿತು.

ರಾಜೇಶ್ವರಿಯೇ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸ, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು. ಉಡಿಯಲ್ಲಿ ಬಂದದ್ದು ಮೊದಲು ದೇವರ ಜಗಲಿಗೆ ಮುಟ್ಟಬೇಕು, ಆಮೇಲೆ ಹೆಣ್ಣು ಬಳಸಬೇಕು. ನಮ್ಮ ಪದ್ಧತಿ. ದಾಕ್ಷಾಯಿಣಿ ಎದ್ದು ಎಲ್ಲವನ್ನೂ ಜಗಲಿಯ ಮೇಲಿಟ್ಟು ಶರಣು ಮಾಡಿದಳು.

ಬೀಗರು ಹೋದ ಮೇಲೆ ದೀಪಕ್ಕೆ ಎಣ್ಣೆ ಹಾಕಲು ಹೋದೆ. ಸುತ್ತಿದ ಬಟ್ಟೆ ಜಾರಿತ್ತು. ಕೈಬ್ಯಾಗು! ಪರದೇಶದ ಕಂಪನಿಯದು. ಅದರ ಗುರುತು ನನಗೆ ಗೊತ್ತಿಲ್ಲವೇ? ಅದೇ ಗುರುತಿನ ಡುಪ್ಲಿಕೇಟ್ ನಮ್ಮ ಅಂಗಡಿಯಲ್ಲೂ ತೂಗುತ್ತವೆ. ಅಸಲಿಯ ಬೆಲೆಗೆ ಹಾಲು ಹಿಂಡುವ ಎಮ್ಮೆ ಕಟ್ಟಬಹುದು.

ಆದರೆ ಜಗಲಿಯ ಮೇಲೆ ತೊಗಲು! ಮಗ ಲಕ್ಷ್ಮಣ ಬೆಲ್ಟು ಬಿಚ್ಚಿಟ್ಟು ದೇವರ ಕೋಣೆಗೆ ಹೋಗುತ್ತಾನೆ. ದಿನವೆಲ್ಲ ತೊಗಲು ಮಾರುವ ನಾನು ಕೈಕಾಲು ತೊಳೆಯದೆ ಹೊಸ್ತಿಲು ದಾಟಿದವಳಲ್ಲ. ಲಿಂಗದ ಬಾಜೂಕ ಬ್ಯಾಗು ಕೂತಿದೆ! ಎತ್ತಿ ಹೊರಗಿನ ಕಟ್ಟೆಗೆ ಒಗೆದೆ. ಜಗಲಿ ತೊಳೆದೆ, ವಿಭೂತಿ ಬಡಿದೆ.

"ಅವರೂ ಲಿಂಗ ಕಟ್ಟಿದ ಮಂದಿ ರೀ ಅತ್ತಿ. ತಿಳೀಲಾರದ ಇಟ್ಟಾರೇನ್ರಿ?" ಅಂದಳು ಶೋಭಾ.

"ರೊಕ್ಕ ಬಂದಿಂದ ತಿಳುವಳಿಕಿ ಹೋಕ್ಕೈತಿ. ಸುಮ್ನಿರು."

೧೪ ನವೆಂಬರ್, ಶುಕ್ರವಾರ. ಮಧ್ಯಾಹ್ನ, ಅಂಗಡಿ

ಬ್ಯಾಗನ್ನು ಅಂಗಡಿಗೇ ತಂದೆ. ಎಂಥ ತೊಗಲು ನೋಡೋಣ ಅಂತ.

ಮೂಸಿದೆ. ತೊಗಲಿನ ವಾಸನೆಯೇ ಇಲ್ಲ. ಹೆಬ್ಬೆರಳು ಒತ್ತಿದೆ — ತೊಗಲಾದರೆ ಬೆರಳ ಸುತ್ತ ಸಣ್ಣ ನಿರಿಗೆ ಏಳುತ್ತದೆ. ಏಳಲಿಲ್ಲ. ಒಂದು ಹನಿ ನೀರು ಬಿಟ್ಟೆ, ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಯಿತು. ಹಿಡಿಕೆ ನೋಡಿದೆ. ಅದೂ ಅದೇ.

ಹೊಲಿಗೆ ಮಾತ್ರ... ಬೈಯಲು ಏನೂ ಸಿಗಲಿಲ್ಲ. ಸೂಜಿಯ ಒಂದೊಂದು ಟಾಕಿ ಅಂದರೆ ಅಕ್ಕಿಕಾಳು ಸಾಲಾಗಿ ಓರೆಗೆ ಇಟ್ಟಂತೆ. ದಾರಕ್ಕೆ ಮೇಣ ಉಣಿಸಿದ್ದಾರೆ. ಅಂಚಿಗೆ ಬಣ್ಣ ಹಚ್ಚಿ, ತಿಕ್ಕಿ, ಮತ್ತೆ ಹಚ್ಚಿದ್ದಾರೆ. ಉಗುರು ಎಳೆದರೂ ಎಲ್ಲೂ ತಡೆಯುವುದಿಲ್ಲ. ಮೇಲಿನ ಚಿತ್ತಾರ ಹೊಲಿಗೆ ದಾಟುವಲ್ಲೂ ಮುರಿದಿಲ್ಲ. ಜಿಪ್ ಎಳೆದರೆ ಸದ್ದಿಲ್ಲ. ಡುಪ್ಲಿಕೇಟ್ ಮಾಡುವವರು ಇಷ್ಟು ಮನಸ್ಸಿಟ್ಟು ಹೊಲಿಯುತ್ತಾರೆಯೇ?

ತಡೆಯಲಾಗಲಿಲ್ಲ. ಒಳಜೇಬಿನ ಹೊಲಿಗೆಯ ಬದಿಗೆ ಬ್ಲೇಡ್ ಹಾಕಿದೆ.

ಹತ್ತಿ ಬಟ್ಟೆ! ಮೇಲೆ ಪ್ಲಾಸ್ಟಿಕ್ಕಿನ ಲೇಪ. ರೆಕ್ಸಿನ್ನಿನ ಅಕ್ಕತಂಗಿ! ಬ್ಯಾಗಿನಂಗಡಿಯ ಮುದುಕಿಗೆ ನಕಲಿ ಬ್ಯಾಗು ಕೊಟ್ಟು ಹೋಗಿದ್ದಾರೆ. ನಿನ್ನೆ ತೊಗಲೆಂದು ಮೈ ಉರಿದಿತ್ತು. ಇವತ್ತು ತೊಗಲಲ್ಲ ಎಂದು ಅದಕ್ಕಿಂತ ಹೆಚ್ಚು ಉರಿಯಿತು.

ಸಂಜೆ

ಮನೆಯಲ್ಲಿ ರಂಪ. ದಾಕ್ಷಾಯಿಣಿ ಸೀಳು ನೋಡಿದಳು.

"ಆಯೀ... ಬ್ಲೇಡ್ ಹಾಕೀಯೇನ?"

"ಹಾಕೇನಿ. ನಿನ್ನ ಅತ್ತಿ ಡುಪ್ಲಿಕೇಟ್ ಕೊಟ್ಟಾಳ. ಇವತ್ತ ಬ್ಯಾಗ, ನಾಳಿ ಬಂಗಾರ."

"ನಾ ಬ್ಯಾಗಿನ ಕೂಡ ಬಾಳೇ ಮಾಡಾಕ ಹೊಂಟಿಲ್ಲ."

"ತಿರುಗಿ ಕೊಟ್ಟ ಬರ್ರಿ. ಮುಖದ ಮ್ಯಾಲ ಹೇಳಿ ಬರ್ರಿ, ನಕಲಿ ಐತಿ ಅಂತ" ಎಂದೆ, ಮಗ ಸೊಸೆ ಇಬ್ಬರಿಗೂ.

ಲಕ್ಷ್ಮಣ ಒಲ್ಲೆನೆಂದ. ಅವನು ಹುಟ್ಟಿನಿಂದಲೇ ಹಾಗೆ. ಶೋಭಾ ಅಳಲು ಶುರುಮಾಡಿದಳು. ದಾಕ್ಷಾಯಿಣಿ ಬ್ಯಾಗನ್ನು ಎದೆಗೆ ಅವಚಿಕೊಂಡು, "ನಾನ ಹೋಕ್ಕೇನಿ" ಅಂದಳು.

ಭಲೇ, ನನ್ನ ಮೊಮ್ಮಗಳು ಅಂದುಕೊಂಡೆ.

೧೬ ನವೆಂಬರ್, ರವಿವಾರ

ಮೂಡಲಗಿಗೆ ಹೋಗಿ ಬಂದಳು. ಏನಂದರು ಎಂದು ಕೇಳಿದೆ. "ಕೊಟ್ಟು ಬಂದೆ" ಅಂದಳು. ಅಷ್ಟೇ.

೨೭ ನವೆಂಬರ್, ಗುರುವಾರ

ಇಷ್ಟು ದಿನ ಬರೆಯುವ ಮನಸ್ಸೇ ಆಗಲಿಲ್ಲ. ಮೂಡಲಗಿಯಿಂದ ಸುದ್ದಿಯಿಲ್ಲ. ಲಗ್ನದ ತಾರೀಖು ಇಡಲು ಬರಬೇಕಾದವರು ಬರಲಿಲ್ಲ. ಫೋನ್ ಬಂದರೂ ಹುಡುಗಿ ಮಾಳಿಗೆಗೆ ಓಡುವುದಿಲ್ಲ. ಅವನದಲ್ಲ ಎಂದು ಗೊತ್ತಿರುತ್ತದೆ.

ಇವತ್ತು ಹುಕ್ಕೇರಿಯ ಉದ್ದಪ್ಪ ಬಂದಿದ್ದ, ನಮಗೆ ಹೋಲ್‌ಸೇಲ್ ಮಾಲು ಹಾಕುವವನು. ಬೀಗರ ನಕಲಿ ಬ್ಯಾಗಿನ ಕಥೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಕ್ಕ — ಆದರೆ ನನ್ನನ್ನು ನೋಡಿ.

"ಅಕ್ಕಾರ, ಅಸಲಿನೂ ಬಟ್ಟೀನ ರೀ! ಆ ಕಂಪನ್ಯಾಗ ತೊಗಲಿಂದೂ ಅದಾವ, ಲೇಪದ ಬಟ್ಟಿವೂ ಅದಾವ. ಬಟ್ಟಿದನ್ನ ಹೆಚ್ಚ ಮಂದಿ ಹಿಡಿತಾರ."

"ಬಟ್ಟಿಗೆ ಅಷ್ಟ ರೊಕ್ಕ ಯಾವ ಹುಚ್ಚ ಕೊಡ್ತಾನೋ?"

"ಹೆಸರಿಗೆ ಕೊಡ್ತಾರ, ಹೊಲಿಗಿಗೆ ಕೊಡ್ತಾರ. ಹೊಲಿಗಿ ಹ್ಯಾಂಗಿತ್ತು ಹೇಳ್ರಿ ಮೊದಲ."

ಹೇಳಿದೆ. ಅಕ್ಕಿಕಾಳು, ಅಂಚು, ಚಿತ್ತಾರ, ಹಿಡಿಕೆ, ಎಲ್ಲ. ಫೋನಿನಲ್ಲಿ ಕಂಪನಿಯವರದೇ ಫೋಟೋ ತೆಗೆದು ತೋರಿಸಿದ. ಅದೇ ಬ್ಯಾಗು. ಕೆಳಗೆ ಬರೆದದ್ದನ್ನು ಅವನೇ ಓದಿ ಹೇಳಿದ — ಹತ್ತಿ ಬಟ್ಟೆ, ಮೇಲೆ ಲೇಪ.

"ಹಿಡಿಕಿಗೂ ತೊಗಲಿಲ್ಲ ಅಂದ್ರ ಸಾದಾ ಮಾಲ ಅಲ್ರಿ ಅಕ್ಕಾರ. ಯಾರೋ ಕೇಳಿ ಕೇಳಿ ಹುಡುಕಿ ತಂದಾರ."

ಅವನು ಹೋದ. ನಾನು ಸ್ಟೂಲಿನಿಂದ ಏಳಲಿಲ್ಲ. ತೊಗಲಿಲ್ಲದ್ದನ್ನು ಹುಡುಕಿ ತಂದಿದ್ದಾರೆ... ಉಡಿಗೆ. ಜಗಲಿಗೆ ಹೋಗುವಂಥದ್ದು ಅಂತ. ದೇವರೇ.

೨೮ ನವೆಂಬರ್, ಶುಕ್ರವಾರ

ಯಾರಿಗೂ ಹೇಳದೆ ಮೂಡಲಗಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದೆ. ತಪ್ಪಾತು ಅನ್ನುವ ಮಾತು ನನ್ನ ಬಾಯಿಗೆ ರೂಢಿಯಿಲ್ಲ.

ರಾಜೇಶ್ವರಿ ನೀರು ಕೊಟ್ಟರು, ಚಹಾ ಇಟ್ಟರು. ಮುಖದಲ್ಲಿ ಸಿಟ್ಟಿಲ್ಲ. ಅದಕ್ಕೇ ಹೆದರಿಕೆಯಾಯಿತು.

"ನಿಮ್ಮ ಮ್ಯಾಲ ನಂದೇನೂ ಇಲ್ರಿ ಅವ್ವಾರ. ನಿಮ್ಮ ಜಗಲಿಗೆ ತೊಗಲ ನಡಿಯಂಗಿಲ್ಲ ಅಂತ ಗೊತ್ತಿತ್ತು. ಮುಂಬೈದಾಗ ನನ್ನ ತಂಗಿ ಅಂಗಡಿ ಅಂಗಡಿ ತಿರಗಿ ತಂದ್ಳು. ನಿಮ್ಮ ಮೊಮ್ಮಗಳು ಬ್ಲೇಡ್ ಹಾಕಿ ನೋಡ್ಯಾಳ. ಇಲ್ಲೇ ಕುಂತ ತಾನ ಹೇಳಿದ್ಳು — ಅಸಲಿ ಹೌದೋ ಅಲ್ಲೋ ನೋಡಾಕ ನಾನ ಕೊಯ್ದೆ ಅಂತ."

ಚಹಾದ ಬಸಿ ಕೆಳಗಿಟ್ಟೆ. ನಾನ ಕೊಯ್ದೆ! ಹಾಗೆಂದಳೇ?

"ಪ್ರೀತೀಲೆ ಕೊಟ್ಟದ್ದನ್ನ ಕೊಯ್ದು ನೋಡೂ ಹುಡುಗಿ ನಮಗ ಬ್ಯಾಡ್ರಿ. ನಾಳಿ ನನ್ನ ಮಗನ್ನೂ ಹಂಗ ನೋಡ್ಯಾಳು. ಮಸಗುಪ್ಪಿ ಊರಾಗ ಬ್ಯಾರೆ ಹೆಣ್ಣಿನ ಮಾತ ನಡದೈತಿ."

"ಬ್ಲೇಡ್ ನಂದು" ಅಂದೆ. "ನಾ ಕೊಯ್ದೇನಿ. ಆಕಿ ಅಲ್ಲ."

ನಂಬಲಿಲ್ಲ! ನಕ್ಕರು, ಮರುಕದಿಂದ. "ಹಿರೇರು ನೀವು. ಮೊಮ್ಮಗಳ ಸಲುವಾಗಿ ಅಂತೀರಿ ಬಿಡ್ರಿ."

ಎಪ್ಪತ್ತು ದಾಟಿದ್ದೇನೆ. ಬಾಯಿಗೆ ಬಂದದ್ದನ್ನೆಲ್ಲ ಆಡಿದ್ದೇನೆ. ಸುಳ್ಳು ಹೇಳುತ್ತೀಯಾ ಅಂತ ಒಬ್ಬರೂ ಅಂದಿರಲಿಲ್ಲ.

"ಬ್ಯಾಗ ತರ್ರಿ" ಅಂದೆ. ತಂದರು. ಜೇಬಿನ ಸೀಳು ಎಲ್ಲರೂ ಕಂಡದ್ದು. ಆ ದಿನ ಇನ್ನೊಂದು ಕಡೆಯೂ ಕೊಯ್ದಿದ್ದೆ, ತಳದಲ್ಲಿ, ಒಳಬಟ್ಟೆಯ ಅಸ್ತರು ಎತ್ತಿ. ಹೊಟ್ಟೆಕಿಚ್ಚು ತಡೆಯದೆ. ಮತ್ತೆ ಅಂಟಿಸಿಟ್ಟೆ. ದಾಕ್ಷಾಯಿಣಿಗೂ ಗೊತ್ತಿಲ್ಲ, ಇಲ್ಲಿಯೂ ಬರೆದಿರಲಿಲ್ಲ. ಅಸ್ತರಿಗೆ ಉಗುರು ಹಾಕಿ ಎಬ್ಬಿಸಿದೆ.

"ಬೆರಳ ಹಾಕ್ರಿ ಇಲ್ಲೆ. ನಾಕ ಬೆರಳ ಉದ್ದ ಐತಿ. ಅಂಟ ನಮ್ಮ ಅಂಗಡೀದು, ಮೂಸ್ರಿ."

ಬೆರಳು ಹಾಕಿದರು. ಮೂಸಿದರು. ಅಸ್ತರು ಮತ್ತೆ ಒತ್ತಿ ಕೂಡಿಸಿದರು. ಆಮೇಲೆ ನನ್ನ ಕಡೆ ನೋಡದೆ ಅಂದರು —

"ನಾಳಿ ಗೋಕಾಕಕ್ಕ ಬರ್ತೇನಿ. ಹುಡುಗಿ ಕೂಡ ಒಬ್ಬಾಕಿನ ಮಾತಾಡಬೇಕು. ನೀವು ಮನ್ಯಾಗ ಇರಬ್ಯಾಡ್ರಿ."

ಆಯಿತು ಅಂದೆ. ಬೇರೆ ಯಾರಾದರೂ ನನ್ನ ಮನೆಯಿಂದ ನನ್ನನ್ನೇ ಹೊರಗಿರು ಅಂದಿದ್ದರೆ...

೨೯ ನವೆಂಬರ್, ಶನಿವಾರ. ಅಂಗಡಿ

ಬೆಳಿಗ್ಗೆಯಿಂದ ಇಲ್ಲೇ. ಅವರು ಬಂದರಂತೆ, ಬಾಜೂ ಅಂಗಡಿಯ ಚನ್ನವ್ವ ನೋಡಿ ಬಂದು ಹೇಳಿದಳು. ಕೋಣೆಯ ಬಾಗಿಲು ಹಾಕಿಕೊಂಡಿದ್ದಾರಂತೆ, ಇಬ್ಬರೇ.

ಒಬ್ಬ ಗಿರಾಕಿ ಬ್ಯಾಗು ಹಿಡಿದು ತೊಗಲು ಹೌದೇನ್ರಿ ಅಂತ ಕೇಳಿದ. ನಿನಗ ಹ್ಯಾಂಗ ಅನಸ್ತೈತಿ ಅಂದೆ. ಹೆದರಿ ಹೋಗಿಬಿಟ್ಟ.

ಹುಡುಗಿಗೆ ರಾತ್ರಿ ಕೇಳಿದ್ದೆ, ಯಾಕವಾ ನಿನ್ನ ಮೈಮೇಲೆ ಎಳಕೊಂಡಿ ಅಂತ. "ನಿನ್ನ ಹೆಸರ ಹೇಳಿದ್ರ ಅವರು ನಿನಗ ಬಾಯಿಗೆ ಬಂದಂಗ ಅಂತಿದ್ರು ಆಯಿ. ನಾ ಕೇಳಾಕ ಒಲ್ಲೆ" ಅಂದಳು.

ಫೋನ್. ಶೋಭಾಳದು... ಎತ್ತಿದರೆ ದನಿ ದಾಕ್ಷಾಯಿಣಿಯದು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಆಯಿ, ಲಗೂನ ಬಾ. ನೀ ಬರೂಮಟಾ ಅತ್ತಿಯವರು ಚಹಾ ಮುಟ್ಟಂಗಿಲ್ಲಂತ. ಆರಾಕತ್ತೈತಿ."

ಎಂಥ ಹೆಂಗಸು ಈಕೆ! ಅಕ್ಷರ ಕೂಡುತ್ತಿಲ್ಲ. ಶಟರ್ ಎಳೆಯಲು ಚನ್ನವ್ವನನ್ನು ಕರೆಯಬೇಕು, ಆಮೇಲೆ ಕೈಕಾಲು ತೊಳೆದು —