ಆರೂ ಇಪ್ಪತ್ತರ ಬಸ್ಸು

ಸೋಮವಾರ, 11. ಬೆಳಿಗ್ಗೆ 9.50

ಬೆಳಗಿನ ಆರೂ ಇಪ್ಪತ್ತರ ಬಸ್ಸು ನಿಲ್ದಾಣಗಳ ಬೋರ್ಡುಗಳಿಂದ ಮಾಯ. ಫೋನ್ ಮಾಡಿ ತಿಳಿಸಿದವರು ಅದೇ ಬಸ್ಸಿನ ಡ್ರೈವರ್. ದಿನಕ್ಕೆ ಮೂವತ್ತು ಜನ ಹತ್ತುತ್ತಾರೆ, ಇವತ್ತು ಇಬ್ಬರು. "ಬಸ್ಸಿಗೆ ಏನೂ ಆಗಿಲ್ಲ ಮೇಡಂ. ನಿಮ್ಮ ಬೋರ್ಡೇ ನನಗೆ ರಜಾ ಕೊಟ್ಟುಬಿಟ್ಟಿದೆ."

ಕಾರಣ ಸಿಕ್ಕಿತು. ಬೋರ್ಡುಗಳಿಗೆ ವೇಳಾಪಟ್ಟಿ ಕಳಿಸುವುದು ನನ್ನ ಕೆಲಸ; ಶನಿವಾರ ವಾರದ ದಿನಗಳ ಕಡತದ ಮೇಲೆ ಭಾನುವಾರದ ಪಟ್ಟಿ ಅಂಟಿಸಿದ್ದೇನೆ. ಎರಡಕ್ಕೂ ವ್ಯತ್ಯಾಸ ಈ ಒಂದೇ ಬಸ್ಸು. ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳು...

ಮಧ್ಯಾಹ್ನ 12.15

ಕಡತಗಳ ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರಿನೊಂದಿಗೆ ದಾಖಲಿಸಿಡುವ ಗಿಟ್ ತಂತ್ರಾಂಶದಲ್ಲಿ ದಾರಿ ಎರಡು. ರಿವರ್ಟ್ ಮಾಡಿದರೆ ತಪ್ಪು ಇದ್ದಲ್ಲೇ ಇರುತ್ತದೆ, ಅದನ್ನು ರದ್ದುಪಡಿಸುವ ಹೊಸ ದಾಖಲೆ ಸೇರುತ್ತದೆ — ಪತ್ರಿಕೆ ಮರುದಿನ ತಿದ್ದುಪಡಿ ಹಾಕಿದಂತೆ. ರೀಸೆಟ್ ಮಾಡಿ, ಅಂದರೆ ಶುಕ್ರವಾರದ ಸ್ಥಿತಿಗೇ ಹಿಂದೆ ಹೋಗಿ, ಅದನ್ನೇ ಬಲವಂತವಾಗಿ ಕಳಿಸಿದರೆ ಶನಿವಾರದ ತಪ್ಪು ನಡೆದೇ ಇಲ್ಲ. ನನ್ನ ಹೆಸರೂ ಇಲ್ಲ.

ಶುಕ್ರವಾರಕ್ಕೆ ನನ್ನ ಆರು ತಿಂಗಳ ಪ್ರೊಬೇಷನ್ ಮುಗಿಯುತ್ತದೆ. ಕಾಯಂ ಮಾಡುವ ಮುಂಚೆ ವಿಭಾಗದ ಮುಖ್ಯಸ್ಥೆ ನೋಡುವುದು ಈ ದಾಖಲೆಗಳನ್ನೇ. ಐವತ್ತೆರಡನೇ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

ತೊಡಕು ಒಂದೇ. ಪಕ್ಕದ ಮೇಜಿನಲ್ಲಿ ಕೂತು ನಿಲ್ದಾಣಗಳ ನಕ್ಷೆ ಮಾಡುವ ಸಹೋದ್ಯೋಗಿ, ನಮ್ಮ ನಕ್ಷೆಯವರು, ಬೆಳಿಗ್ಗೆ ನಲವತ್ತೊಂದು ನಿಲ್ದಾಣಗಳ ಹೊಸ ಅಳತೆ ಸೇರಿಸಿ, ಉಳಿದವನ್ನು ಅಳೆಯಲು ಹೊರಗೆ ಹೋಗಿದ್ದಾರೆ. ಅವರ ದಾಖಲೆ ನನ್ನದರ ಮೇಲೆ ಕೂತಿದೆ. ರೀಸೆಟ್ ಅದನ್ನೂ ಹೊತ್ತುಕೊಂಡು ಹೋಗುತ್ತದೆ.

1.05

ಊಟದ ಬಿಡುವಿನಲ್ಲಿ ಅಕ್ಕನಿಗೆ ಫೋನ್. ಅವಳಿಗೆ ಗಿಟ್ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಅಲ್ಲಿ ತಪ್ಪು ಬರೆದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕಿತ್ತಂತೆ. ಎಲ್ಲ ಕೇಳಿಸಿಕೊಂಡು ಹೇಳಿದಳು: "ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋರನ್ನ ಕೇಳಿದೀನಿ. ನೀನು ಪಕ್ಕದವರ ಮೂಗಿಗೆ ಕತ್ತಿ ಹಿಡಿದಿದೀಯಲ್ಲೇ."

ಮೊಸರನ್ನ ತಿಂದು ಮುಗಿಸಿದೆ.

1.40

ರಿವರ್ಟ್. ವಿವರಣೆ: "ತಿದ್ದುಪಡಿ. ಭಾನುವಾರದ ಪಟ್ಟಿ ತಪ್ಪಾಗಿ ಸೇರಿತ್ತು. ತಪ್ಪು ನನ್ನದು."

2.10. ಎದುರಿನ ನಿಲ್ದಾಣಕ್ಕೆ ಹೋಗಿ ನೋಡಿಬಂದೆ. ಬೋರ್ಡಿನಲ್ಲಿ 6.20 ಇದೆ.

ಮಂಗಳವಾರ, 12

ಡ್ರೈವರ್ ವರದಿ: ಹತ್ತೊಂಬತ್ತು ಜನ. ಉಳಿದವರು ಇನ್ನೂ ನಂಬಿಲ್ಲ.

ಶುಕ್ರವಾರ, 15. ಸಂಜೆ

ಮುಖ್ಯಸ್ಥೆ ದಾಖಲೆಗಳನ್ನು ಮೇಲಿನಿಂದ ಓದುತ್ತಾ ಬಂದರು. ನನ್ನ ಸಾಲಿನಲ್ಲಿ ಬೆರಳು ನಿಂತಿತು.

"ಇದನ್ನ ಅಳಿಸಿಹಾಕೋದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಅಳಿಸಿದ್ರೆ ನಕ್ಷೆಯವರ ನಲವತ್ತೊಂದು ನಿಲ್ದಾಣಾನೂ ಹೋಗ್ತಿತ್ತು."

ನಕ್ಷೆಯವರು ಕುರ್ಚಿಯಲ್ಲೇ ತಿರುಗಿ, ಒಂಬತ್ತು ದಿನ ಬಿಸಿಲಲ್ಲಿ ಟೇಪು ಹಿಡಿದು ನಿಂತಿದ್ದೆ, ದೊಡ್ಡ ಉಪಕಾರ ಎಂದರು.

ಕೆಲಸ ಕಾಯಂ. ಜೊತೆಗೆ ಹೊಸ ನಿಯಮ: ಇನ್ನೊಬ್ಬರು ಓದದೆ ಯಾರ ಬದಲಾವಣೆಯೂ ಬೋರ್ಡಿಗೆ ಹೋಗುವಂತಿಲ್ಲ. ಓದುವವಳು ನಾನು. ನನ್ನದನ್ನು ನಕ್ಷೆಯವರು ಓದುತ್ತಾರೆ.

ಸೋಮವಾರ ಹತ್ತಕ್ಕೆ ನಾನು ಓದಬೇಕಾದ ಮೊದಲ ಕರಡು. ಮುಖ್ಯಸ್ಥೆಯದು.