ಬಿಗಿ ತೋಳಿನ ಕಾಮೆಂಟು

ಮಾರ್ಚ್ 4, ಬೆಳಿಗ್ಗೆ

ಶ್ರೀಮನ್ಮಹಾಜಾಲಾಧೀಶ್ವರನೂ, ಕೀಬೋರ್ಡ್ ಕುಲತಿಲಕನೂ, ಚಿಕ್ಕಮ್ಮನ ಟೈಲರಿಂಗ್ ಅಂಗಡಿಯ ಆಸ್ಥಾನ ವೆಬ್‌ಸೈಟ್ ಶಿಲ್ಪಿಯೂ ಆದ ನಾನು ಈ ದಿನಚರಿಗೆ ತಲೆಬಾಗಿ ಬಿನ್ನವಿಸುವುದೇನೆಂದರೆ— ಇವತ್ತೂ ನೆಟ್ ಇಲ್ಲ. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ ಹೋಗಿದ್ದಾರೆ.

ಎದುರಿಗೆ ರೆಡಿಮೇಡ್ ಅಂಗಡಿ ಬಂದಾಗಿನಿಂದ ಚಿಕ್ಕಮ್ಮ ನೊಣ ಹೊಡೆಯುತ್ತಿದ್ದಾಳೆ. "ವೆಬ್‌ಸೈಟ್ ಮಾಡ್ಕೊಡೋ. ಇಲ್ಲಾಂದ್ರೆ ಬೀಗ ಹಾಕೋದೇ." ಹಾಗಾಗಿ ಲ್ಯಾಪ್‌ಟಾಪಿನೊಳಗೇ ಕಟ್ಟುತ್ತಿದ್ದೇನೆ. ಚೆನ್ನಾಗಿ ತೆರೆದುಕೊಳ್ಳುತ್ತದೆ. ನೋಡುವವನು ನಾನೊಬ್ಬನೇ.

ಮಾರ್ಚ್ 5, ಮಧ್ಯಾಹ್ನ

ಕಾಮೆಂಟು ಬೀಳುತ್ತದೋ ಇಲ್ಲವೋ ಪರೀಕ್ಷಿಸಬೇಕಿತ್ತು. 'ನೊಂದ ಗ್ರಾಹಕ' ಎಂಬ ಬಿರುದು ಧರಿಸಿ ಬರೆದೆ: "ಬಟ್ಟೆ ಚೆಂದ. ತೋಳು ಬಿಗಿ. ಕೈ ಎತ್ತಿದರೆ ಉಸಿರು ನಿಲ್ಲುತ್ತದೆ."

ಬಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಟೀ ಕುಡಿಯಲು ಹೋದೆ. ಲ್ಯಾಪ್‌ಟಾಪ್ ತೆರೆದೇ ಇತ್ತು...

ಅದೇ ದಿನ, ಸಂಜೆ

ಚಿಕ್ಕಮ್ಮ ಓದಿಬಿಟ್ಟಿದ್ದಾಳೆ.

"ಲೋ, ಊರೆಲ್ಲ ಓದ್ತಲ್ಲೋ! ಹೋಯ್ತು ನನ್ನ ಮಾನ!"

"ನೆಟ್ಟೇ ಇಲ್ಲ ಚಿಕ್ಕಮ್ಮಾ. ಇದು ಬರೀ ಈ ಡಬ್ಬದೊಳಗೆ..."

"ಡಬ್ಬದೊಳಗಿದ್ರೆ ಅವ್ರು ಎಲ್ಲಿಂದ ಬಂದು ಬರೆದ್ರು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಗಜಕೋಲು ಅವಳ ಕೈಯಲ್ಲೇ ಇತ್ತು. ಲ್ಯಾಪ್‌ಟಾಪ್ ಬಗಲಿಗೇರಿಸಿ ಹಿತ್ತಿಲ ಬಾಗಿಲಿನಿಂದ ಜಾರಿದೆ.

ಮಾರ್ಚ್ 8

ಅಂಗಡಿಯ ಶಟರ್ ಮೂರು ದಿನದಿಂದ ಅರ್ಧಕ್ಕೇ ನಿಂತಿದೆ. ಬಂದ ಇಬ್ಬರನ್ನೂ ವಾಪಸು ಕಳಿಸಿದಳಂತೆ.

"ಇಷ್ಟು ವರ್ಷ ಹೊಲಿದು ಒಂದು ತೋಳು ಕೂರಿಸೋಕೆ ಬರಲಿಲ್ಲ ಅಂದ್ಮೇಲೆ, ಈ ಕತ್ತರಿ ಯಾಕೆ ಹಿಡೀಬೇಕು?"

"ಯಾವನೋ ತಿಂದು ಊದಿಕೊಂಡಿರ್ತಾನೆ ಕಣೇ," ಎಂದರು ಚಿಕ್ಕಪ್ಪ.

ಆಸ್ಥಾನ ಶಿಲ್ಪಿ ತನ್ನ ಹೊಟ್ಟೆ ಒಳಗೆಳೆದುಕೊಂಡ.

"ನೀವು ಸುಮ್ನಿರಿ! ಲೋ, ಅವ್ರಿಗೆ ಬರಿ. ಅಂಗಿ ತಂದ್ಕೊಡಿ, ಬಿಚ್ಚಿ ಹೊಲಿದು ಕೊಡ್ತೀನಿ, ತಪ್ಪಾಯ್ತು ಅಂತ."

ಬರೆದೆ. ನೊಂದ ಗ್ರಾಹಕನೇ ಎರಡು ಸಲ ಓದಿದ. ಕಣ್ಣೊಳಗೆ ದಾರದ ಧೂಳು— ಮತ್ತೇನಲ್ಲ.

ಮಾರ್ಚ್ 10, ಬೆಳಿಗ್ಗೆ

ನೆಟ್ ಬಂತು! ಕಾಮೆಂಟು ಅಳಿಸಿ ಸೈಟನ್ನು ಲೋಕಾರ್ಪಣೆ ಮಾಡಲು ಹೊರಟೆ. ಚಿಕ್ಕಮ್ಮ ಕೈ ಹಿಡಿದಳು.

"ಅಳಿಸ್ಬೇಡ. ಅವ್ರು ಅಂಗಿ ತರೋವರೆಗೂ ನಾನು ಶಟರ್ ಎತ್ತಲ್ಲ."

ಮಾರ್ಚ್ 10, ಹತ್ತು ನಿಮಿಷದ ಮೇಲೆ

ಬೀರುವಿನ ತಳದಿಂದ ನೀಲಿ ಅಂಗಿ ತೆಗೆದೆ. ನನ್ನ ಹುಟ್ಟುಹಬ್ಬಕ್ಕೆಂದು ಚಿಕ್ಕಮ್ಮ ಹೊಲಿದದ್ದು. ಅಂದು "ಸೂಪರ್ ಚಿಕ್ಕಮ್ಮಾ!" ಎಂದವನು ಮತ್ತೆ ತೊಟ್ಟಿಲ್ಲ.

ಹದಿನಾಲ್ಕು ಲೋಕಗಳೂ ಕೇಳಲಿ— ಕಾಮೆಂಟಿನಲ್ಲಿ ಹೆಸರೊಂದೇ ಸುಳ್ಳು. ತೋಳು ನಿಜವಾಗಿಯೂ ಬಿಗಿ.

ತೊಟ್ಟುಕೊಂಡೇ ಹೋಗುತ್ತೇನೆ. ಅವಳೇ ನೋಡಲಿ. ಗುಂಡಿ ಹಾಕಿದ್ದಾಯಿತು. ಬರೆಯಲು ಕೈ ಚಾಚುವುದೇ ಕಷ್ಟ. ಅಯ್ಯೋ, ಕಂಕುಳ ಹತ್ತಿರ ಹೊಲಿಗೆ—