ಕೋಡಿಲ್ಲದ ಧರ್ಮವೀರ

ಅವ್ವಾ,

ಕೂತುಕೊಂಡು ಓದು. ನಿಂತು ಓದುವಂಥ ಸುದ್ದಿಯಲ್ಲ ಇದು. ಮೊನ್ನೆ ನಿಪ್ಪಾಣಿಗೆ ಹೋಗಿದ್ದೆ. ಯಾಕೆಂದು ಹೇಳುವ ಮೊದಲು ನಾವು ಆಟಕ್ಕೆ ಕೂತ ಆ ಮಧ್ಯಾಹ್ನದ ಮಾತು ಆಡಬೇಕು. ಅದಾದ ಮೇಲೆ ನೀನೂ ನಾನೂ ಅದರ ಸುದ್ದಿ ಎತ್ತಲೇ ಇಲ್ಲ, ಅಲ್ಲವೇ?

ನಾನು ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ ಬೇಸಿಗೆ ಅದು. ಸಾಂಗ್ಲಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಕಾಕಾನ ಮಗ ಸಂಜು ಹಾಸ್ಟೆಲಿನಿಂದ ಒಂದು ಆಟ ತಂದಿದ್ದ. ಹಲಗೆಯಿಲ್ಲ, ಕಾಯಿಯಿಲ್ಲ. ಝೆರಾಕ್ಸ್ ಮಾಡಿದ ನಿಯಮದ ಹಾಳೆಗಳು ಮತ್ತು ದಾಳ, ಅಷ್ಟೆ. ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗಿನ ಜನರಾಗಿ ‘ನಾನು ಹೀಗೆ ಮಾಡುತ್ತೇನೆ’ ಅನ್ನಬೇಕು. ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಮಾಟಗಾರ, ಕಳ್ಳ, ವೈದ್ಯ ಎಂದು ಬಗೆಬಗೆಯ ಪಾತ್ರಗಳಿದ್ದವು. ದೇವರಿಗಾಗಿ ವ್ರತ ಹಿಡಿದು ಕತ್ತಿ ಎತ್ತುವ ಧರ್ಮವೀರನೂ ಇದ್ದ. ಅವನಿಗೆ ಎದುರಾಗಿ ಒಬ್ಬ ಕೆಟ್ಟ ಧರ್ಮವೀರ ಬೇಕು, ಅವನ ಶಕ್ತಿ ಏನು, ಕಟ್ಟುಪಾಡು ಏನು, ನೀನೇ ಹೊಸದಾಗಿ ಕಟ್ಟು ಎಂದು ಸಂಜು ಆ ಕೆಲಸ ನನಗೆ ಹಚ್ಚಿದ.

ನಾನು ಕಟ್ಟಿದೆ. ಕರಿ ಕುದುರೆ, ತಲೆಗೆ ಎರಡು ಕೋಡು, ಕೊರಳಲ್ಲಿ ತಲೆಬುರುಡೆಯ ಮಾಲೆ. ಶೇಂಗಾ ಒಡೆಯುತ್ತ ಕೂತಿದ್ದ ನೀನು ಓದಿಸಿ ಕೇಳಿ ನಕ್ಕುಬಿಟ್ಟೆ.

“ಇಂವಾ ಊರಾಗ ಬಂದ್ರ ಬಾಗಲಾ ಯಾರ್ ತಗೀತಾರ ಬೇ? ನಾಯಿ ಸುದ್ಧಾ ಓಡಿಹೋಗ್ತಾವ.”

“ಮತ್ತ ಹೆಂಗಿರಬೇಕವ್ವಾ?”

“ಕೋಡು ತಗಿ. ಹಣಿಗೆ ಇಬತ್ತಿ ಹಚ್ಚು. ದನಿ ಮೆತ್ತಗಿರಲಿ. ಮಂದಿ ತಾವಾಗೇ ಬಂದು ಕಾಲಿಗೆ ಬೀಳಬೇಕು ಅಂವಗ.”

“ಶಕ್ತಿ ಹೆಂಗ ಬೆಳೀತೈತಿ ದೊಡವ್ವಾ, ಕೊಂದಷ್ಟೂ?” ಎಂದ ಸಂಜು.

“ಕೊಂದ್ರ ಏನೂ ಬೆಳೆಯೂದಿಲ್ಲ. ಅಂವನ ಮಾತು ಕೇಳಿ ಯಾರರೆ ತಮ್ಮವರನ್ನ ತಾವ ತಂದು ಒಪ್ಪಸ್ತಾರ ನೋಡು, ಆವಾಗ ಬೆಳೀತೈತಿ.”

“ವ್ರತಾ ಮುರದ್ರ?”

“ಮುರಿಯೂದಿಲ್ಲ,” ಎಂದೆ ನೀನು. “ಅದ ಅಂವನ ಕೇಡು.”

ಸಂಜು ಬರೆಯುವುದನ್ನು ನಿಲ್ಲಿಸಿ ನಿನ್ನ ಮುಖ ನೋಡಿದ. ನಾನೂ ನೋಡಿದೆ. ಹಾಲಿಗೆ ಬಾಯಿ ಹಾಕಿದ ಬೆಕ್ಕನ್ನೂ ಬೈಯದ ನಮ್ಮವ್ವ ಇದನ್ನೆಲ್ಲ ಎಲ್ಲಿ ಕಲಿತಳು?

ಇವನನ್ನು ನೀವೇ ಆಡ್ರಿ ಎಂದು ಅವನು ಹಟ ಹಿಡಿದ. ಅವನಿಗೇನೂ ಗೊತ್ತಿರಲಿಲ್ಲ ಅವ್ವಾ, ಬಾಯಿಗೆ ಬಂದ ಕಥೆ ಶುರು ಮಾಡಿದ: ಒಂದು ಊರಿನ ಹುಡುಗಿ ಮನೆಯವರಿಗೆ ಬೇಡವಾದವನ ಜೊತೆ ಓಡಿಹೋಗಿದ್ದಾಳೆ, ಅವಳನ್ನು ಹುಡುಕಲು ಧರ್ಮವೀರ ಬಂದಿದ್ದಾನೆ. ನಾನು ಆ ಹುಡುಗಿಯ ಅಕ್ಕ. ನೀನು ಶೇಂಗಾದ ಬುಟ್ಟಿ ಸರಿಸಿ ನನ್ನ ಕಡೆ ತಿರುಗಿದೆ. ನಿನ್ನದಲ್ಲದ ದನಿಯಲ್ಲಿ ಮಾತು ಬಂತು.

“ಕುಂದ್ರು ಮಗಳ. ನಾ ಎಂದಾದ್ರೂ ನಿನಗ ಬಡದೀನೇನು?”

“ಇಲ್ರಿ.”

“ದೀಪಾ ಮುಟ್ಟಿ ಹೇಳು, ತಂಗಿ ಎಲ್ಲಿದಾಳ? ಸುಳ್ಳು ಹೇಳಿದ್ರ ನಿನ್ನ ಹೊಟ್ಟ್ಯಾನ ಕೂಸು ಉಳಿಯೂದಿಲ್ಲ. ನಾ ಅನ್ನೂದಲ್ಲ ಇದು, ದೇವರು ಅನ್ನೂದು.”

ಸಂಜುನ ಕಥೆಯಲ್ಲಿ ಕೂಸಿನ ಮಾತೇ ಇರಲಿಲ್ಲ. ನಾನು ದಾಳ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಹಾಕಲಿಲ್ಲ. ಗುಡ್ಡದಾಚೆಯ ಗಿರಣಿಯಲ್ಲಿದ್ದಾಳೆ ಎಂದು ಬಾಯಿಗೆ ಬಂದುಬಿಟ್ಟಿತು. ನೀನು ಎದ್ದು ನಿಂತೆ.

“ನೋಡು,” ಎಂದೆ ನೀನು. “ನೀನೂ ಹೇಳಿದಿ.”

‘ನೀನೂ’ ಎಂದದ್ದೇಕೆ? ಸಂಜು ಹೋದ ಮೇಲೆ ನಾನು ಅಡುಗೆಮನೆಗೆ ಬಂದು ಅದನ್ನೇ ಕೇಳಿದೆ. ಒಲೆಯ ಕಡೆ ಮುಖ ಮಾಡಿಕೊಂಡೇ ನೀನು ಹೇಳಿದೆ. ನಿನಗೊಬ್ಬ ತಂಗಿ, ಚಂಪಾ. ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ ಬೇರೆ ಜಾತಿಯವನ ಜೊತೆ ನಿಪ್ಪಾಣಿಗೆ ಹೋದಳು. ತವರಿಗೆ ಹೆರಿಗೆಗೆ ಬಂದಿದ್ದ ನಿನಗೊಬ್ಬಳಿಗೇ ಅದು ಗೊತ್ತಿತ್ತು. ಅಜ್ಜ ದೀಪ ಮುಟ್ಟಿಸಿದ, ನೀನು ಹೇಳಿದೆ. ಮಂದಿ ಹೋಗಿ ಆ ಮನುಷ್ಯನ ಕಾಲು ಮುರಿದು ಬಂದರು. ಬಂದು ಸ್ನಾನ ಮಾಡಿ, ಬದುಕಿದ್ದ ಚಂಪಾಳ ಸಾವಿನ ದಿನಕಾರ್ಯ ಮಾಡಿ ಊರಿಗೆಲ್ಲ ಊಟ ಹಾಕಿಸಿದರು.

“ಹೋಳಿಗಿ ನಾನ ಬಡಿಸಿದೆ,” ಎಂದೆ ನೀನು. “ಆವಾಗ ನೀ ಹೊಟ್ಟ್ಯಾಗಿದ್ದಿ.”

ಅವ್ವಾ, ಅದು ನನ್ನ ಅಜ್ಜ. ಪೂಜೆಯಾಗದೆ ನೀರು ಮುಟ್ಟದವನು. ಊರ ಜಗಳಗಳನ್ನು ಕಟ್ಟೆಯ ಮೇಲೆ ಕೂತು ಮೆತ್ತಗೆ ಬಗೆಹರಿಸುತ್ತಿದ್ದವನು. ಅವನ ತೊಡೆಯ ಮೇಲೆ ಕೂತು ನಾನು ಬಾಳೆಹಣ್ಣು ತಿಂದಿದ್ದೆ. ನನ್ನ ಜೀವದ ಮೇಲೆ ಆಣೆ ಇಟ್ಟವನೇ ನನಗೆ ಹಣ್ಣು ಸುಲಿದು... ಆ ರಾತ್ರಿ ನನಗೆ ಊಟ ಸೇರಲಿಲ್ಲ. ನೀನೂ ಒತ್ತಾಯ ಮಾಡಲಿಲ್ಲ.

ಮರುವರ್ಷ ನೀನು ತೀರಿಹೋದೆ. ನಿನ್ನ ಕಾರ್ಯಕ್ಕೆ ಬಂದವರಲ್ಲಿ ಒಬ್ಬರೂ ಚಂಪಾಳ ಹೆಸರು ಎತ್ತಲಿಲ್ಲ. ನಿನ್ನ ಸುದ್ದಿ ಅವಳಿಗೆ ಯಾರು ಮುಟ್ಟಿಸಬೇಕಿತ್ತು? ಐದಾರು ವರ್ಷ ಹಾಗೇ ಕಳೆದವು; ಮೊನ್ನೆ ನಾನೇ ನಿಪ್ಪಾಣಿ ಬಸ್ಸು ಹತ್ತಿದೆ. ಗೋದಾಮುಗಳ ಹಿಂದಿನ ಓಣಿಗಳಲ್ಲಿ ಕಾಲು ಎಳೆದು ನಡೆಯುವ ಮನುಷ್ಯನ ಮನೆ ಯಾವುದು ಎಂದು ಕನ್ನಡದಲ್ಲೂ ಬಂದಷ್ಟು ಮರಾಠಿಯಲ್ಲೂ ಕೇಳುತ್ತ ಹೋದೆ. ಬಾಗಿಲು ತೆರೆದವಳಿಗೆ ನಿನ್ನದೇ ಗದ್ದ.

“ಕೋಣ್ ಪಾಹಿಜೆ?” ಯಾರು ಬೇಕು ಎಂದಳು.

“ಅನಸೂಯಾನ ಮಗಳರಿ ನಾ. ರಾಯಬಾಗದಾಕಿ.”

ಅವಳ ಮರಾಠಿ ಅಲ್ಲಿಗೆ ನಿಂತಿತು. ನೀನು ತೀರಿಹೋದದ್ದನ್ನು ನಾನು ಹೇಳಿದೆ. ಅವಳು ಅಳಲಿಲ್ಲ. ನೀನು ಆಣೆಗೆ ಸಿಕ್ಕು ಹೇಳಿದ್ದನ್ನು ನಾನು ವಿವರಿಸಲು ಹೋದರೆ ಕೈ ಅಡ್ಡ ಮಾಡಿದಳು.

“ಗೊತ್ತೈತಿ ನನಗ. ಹೊಟ್ಟ್ಯಾಗ ಕೂಸಿತ್ತು, ಅಂಜಿ ಹೇಳಿದ್ಲು. ಅದನ್ನ ಎಂದೋ ಬಿಟ್ಟೀನಿ. ಆದ್ರ ಆಮ್ಯಾಲ ಯಾಕ ಬರಲಿಲ್ಲ? ಅಪ್ಪ ಸುದ್ಧಾ ಬಂದಿದ್ದ.”

“ಅಜ್ಜ? ಇಲ್ಲಿ?”

“ಮುಪ್ಪಿನ್ಯಾಗ, ಒಬ್ಬನ. ಹಿಂಗ ಬಾಗಲದಾಗ ನಿಂತು ಹುಡುಗೋರ ಹೆಸರು ಕೇಳಿದ. ನೀರು ಕೊಟ್ಟೆ. ಸತ್ತಾಕಿ ಕೈಯಾನ ನೀರು ಕುಡಿಯೂದಿಲ್ಲ ಅಂದು ಚರಗಿ ಕೆಳಗಿಟ್ಟು ಹ್ವಾದ. ಅಂಥಾಂವ ಬಂದ. ನಿಮ್ಮವ್ವ ಬರಲಿಲ್ಲ.”

ಇದು ನಿನಗೆ ಗೊತ್ತಿತ್ತೇ ಅವ್ವಾ? ಅಜ್ಜ ಸತ್ತು ಎಷ್ಟೋ ವರ್ಷವಾದ ಮೇಲೂ ನೀನು ಯಾರಿಗೆ ಅಂಜಿದೆ? ಬಸ್ಸಿನಲ್ಲಿ ಕಟ್ಟಿಕೊಂಡು ಹೋದ ಮಾತೆಲ್ಲ ಅಜ್ಜನ ಮೇಲಿತ್ತು.

“ಗೊತ್ತಿಲ್ಲ ಚಿಗವ್ವಾ,” ಎಂದೆ. ಅವಳು ಒಳಗೆ ಕರೆದಳು.

ಅವಳ ಹಿರಿಯ ಮಗಳಿಗೆ ದಿನ ತುಂಬುತ್ತಿವೆ. ಬಾಣಂತನಕ್ಕೆ ಇನ್ನೊಂದು ಕೈ ಬೇಕು, ಬಂದು ಇರತೀಯೇನು ಎಂದು ಕೇಳಿದ್ದಾಳೆ. ಬರುವ ವಾರ ಹೊರಡುತ್ತೇನೆ. ಅವಳು ಮತ್ತೆ ಅದನ್ನೇ ಕೇಳಿದರೆ ನಿನ್ನ ಪರವಾಗಿ ಏನೂ ಕಟ್ಟಿ ಹೇಳುವುದಿಲ್ಲ. ಕೂಸಿನ ಬಟ್ಟೆ ಒಗೆದು ಹಾಕುತ್ತೇನೆ.

ನಿನ್ನ
ಸುಜಾತಾ